ತಿರುಗುವ ಗಾಲಿಯ ಉಳಿತಾಯ ಖಾತೆ

ಕಳೆದ ತಿಂಗಳ ಒಂದು ಭಾನುವಾರ. ಜಗಲಿಯ ಮೇಲೆ ಕುಳಿತು ಒಂಬತ್ತನೆಯ ತರಗತಿಯ ಕಿರುಪರೀಕ್ಷೆಯ ಉತ್ತರ ಪತ್ರಿಕೆಗಳನ್ನು ತಿದ್ದುತ್ತಿದ್ದೆ. ನಮ್ಮ ಹುತ್ತೂರು ಹೋಬಳಿಯ ರೈತರೊಬ್ಬರು ಮೊಮ್ಮಗಳ ಜೊತೆ ಬಂದರು. ನನಗಿಂತ ಏಳೆಂಟು ವರ್ಷ ಹಿರಿಯರು. ಮೊಮ್ಮಗಳು ನನ್ನ ತರಗತಿಯಲ್ಲೇ ಓದುವವಳು; ಅವಳ ಉತ್ತರ ಪತ್ರಿಕೆಯೂ ಆ ಕಟ್ಟಿನಲ್ಲಿಯೇ ಇತ್ತು. ಹಾಗಾಗಿ ಅವಳ ಕಣ್ಣು ಕಟ್ಟಿನ ಮೇಲೆ, ತಾತನ ಕಣ್ಣು ಕೈಯಲ್ಲಿದ್ದ ಮೊಬೈಲಿನ ಮೇಲೆ.

“ಮೇಷ್ಟ್ರೇ, ಇದೊಂದ್ ನೋಡ್ಬುಡಿ. ಕರೆಂಟೂ ಬ್ಯಾಡ, ಡೀಸೆಲ್ಲೂ ಬ್ಯಾಡ. ಒಂದ್ ಸಲ ಗಾಲಿ ತಿರುಗಿಸಿಬಿಟ್ರೆ ಆಯ್ತು, ಆಮೇಲೆ ಅದೇ ಕರೆಂಟ್ ಕೊಡ್ತದಂತೆ” ಎಂದರು.

ನೋಡಿದೆ. ಒಂದು ಶೆಡ್ಡು, ಕಬ್ಬಿಣದ ಚೌಕಟ್ಟು, ಅದರಲ್ಲಿ ಎದೆಯೆತ್ತರದ ದಪ್ಪ ಗಾಲಿ. ಒಂದು ಬದಿಗೆ ಪುಟ್ಟ ಮೋಟಾರು, ಇನ್ನೊಂದು ಬದಿಗೆ ಬೆಲ್ಟಿನಲ್ಲಿ ಕಟ್ಟಿದ ಆಲ್ಟರ್ನೇಟರು. ಮೋಟಾರಿಗೆ ಸ್ವಿಚ್ ಹಾಕುತ್ತಾರೆ, ಗಾಲಿ ವೇಗ ಹಿಡಿಯುತ್ತದೆ, ಬಲ್ಬುಗಳು ಬೆಳಗುತ್ತವೆ. ಆಮೇಲೆ ಮೋಟಾರಿನ ಪ್ಲಗ್ಗನ್ನು ಗೋಡೆಯಿಂದ ಕಿತ್ತು, ಅದೇ ಯಂತ್ರದ ಆಲ್ಟರ್ನೇಟರಿಗೆ ಸಿಕ್ಕಿಸುತ್ತಾರೆ. ಬಲ್ಬು ಆರುವುದಿಲ್ಲ! ಹಿನ್ನೆಲೆಯಲ್ಲಿ ಸಂಗೀತ. ಬೆಲೆ ಒಂದು ಲಕ್ಷದ ಎಂಬತ್ತು ಸಾವಿರ. ನಲವತ್ತು ಸಾವಿರ ಮುಂಗಡ. ಇವರಿಗೆ ಬೇಕಾಗಿದ್ದದ್ದು ಕೃಷಿ ಹೊಂಡದಿಂದ ಟೊಮೇಟೊ ತೋಟದ ಡ್ರಿಪ್ಪಿಗೆ ನೀರೆತ್ತುವ ಐದು ಎಚ್‌ಪಿ ಮೋಟಾರಿಗೆ ಕರೆಂಟು. ಅದಕ್ಕಾಗಿ ಕರೆಯುವ ಎರಡು ಸೀಮೆಹಸುಗಳಲ್ಲಿ ಒಂದನ್ನು ಮಾರಲು ಮಾತಾಡಿಯೂ ಆಗಿತ್ತು. ಹತ್ತು ಸಾವಿರವನ್ನು ಆಗಲೇ ಕಳಿಸಿಬಿಟ್ಟಿದ್ದರು.

“ಸುಳ್ಳು” ಎಂದು ಒಂದೇ ಮಾತಿನಲ್ಲಿ ಹೇಳಿಬಿಡಬಹುದಿತ್ತು. ಆದರೆ ಮೂವತ್ತು ವರ್ಷ ಪಾಠ ಮಾಡಿದ ಮೇಲೆ ನನಗೆ ಗೊತ್ತಾಗಿರುವುದು ಇಷ್ಟು: ಬರಿಯ ‘ಸುಳ್ಳು’ ಎಂಬ ಮಾತು ಯಾರ ಮನಸ್ಸಿನಲ್ಲೂ ನಿಲ್ಲುವುದಿಲ್ಲ. ಮೇಲಾಗಿ ಆ ವಿಡಿಯೋದಲ್ಲಿ ಅರ್ಧ ಸತ್ಯವಿತ್ತು. ಗಾಲಿಯಲ್ಲಿ ಶಕ್ತಿಯನ್ನು ಕೂಡಿಡಬಹುದು. ಅದನ್ನು ಮರಳಿ ಪಡೆಯಲೂಬಹುದು. ಆ ಶಕ್ತಿಯಿಂದ ಬಸ್ಸು ಓಡಿಸಿದವರಿದ್ದಾರೆ, ಕಾರು ಓಡಿಸಿದವರಿದ್ದಾರೆ, ರೇಸು ಗೆದ್ದವರೂ ಇದ್ದಾರೆ. ಹಾಗಾದರೆ ಸತ್ಯ ಎಲ್ಲಿ ಮುಗಿಯಿತು, ಮೋಸ ಎಲ್ಲಿ ಶುರುವಾಯಿತು? ಈ ವಾರ ಅದನ್ನೇ ನೋಡೋಣ.

ಫ್ಲೈವೀಲ್ ಎಂಬುದು ನಮಗೆ ಹೊಸದಲ್ಲ. ಹೆಸರು ಗೊತ್ತಿಲ್ಲದಿದ್ದರೂ ವಸ್ತು ಗೊತ್ತು. ಹಾಲು, ರೇಷ್ಮೆ, ಚಿನ್ನ ಎಂದು ಹೆಸರಾದ ನಮ್ಮ ಜಿಲ್ಲೆಯಲ್ಲಿ ಹಸು ಕಟ್ಟಿದ ಮನೆಗಳಲ್ಲೆಲ್ಲ ಕಾಣುವ ಮೇವು ಕತ್ತರಿಸುವ ಮಿಷನ್ನನ್ನೇ ನೋಡಿ. ಅದಕ್ಕೆ ಅಷ್ಟು ದೊಡ್ಡ, ಅಷ್ಟು ಭಾರದ ಗಾಲಿ ಯಾಕೆ? ಗಾಲಿ ಹಗುರವಾಗಿದ್ದರೆ ತಿರುಗಿಸುವವರಿಗೆ ಸುಲಭವಲ್ಲವೇ? ಅಲ್ಲ. ಕತ್ತಿ ಜೋಳದ ದಂಟಿಗೆ ತಾಗುವ ಕ್ಷಣದಲ್ಲಿ ದೊಡ್ಡ ಬಲ ಬೇಕು. ಉಳಿದ ಹೊತ್ತಿನಲ್ಲಿ ಏನೂ ಬೇಡ. ಕೈ ಮಾತ್ರ ಒಂದೇ ಸಮನೆ ತಿರುಗಿಸುತ್ತಿರುತ್ತದೆ. ಬೇಡದ ಹೊತ್ತಿನಲ್ಲಿ ಕೈ ಕೊಟ್ಟ ಶಕ್ತಿಯನ್ನು ಗಾಲಿ ಇಟ್ಟುಕೊಂಡು, ದಂಟು ಅಡ್ಡ ಬಂದಾಗ ಒಮ್ಮೆಗೇ ಕೊಡುತ್ತದೆ. ಕಬ್ಬಿನ ಹಾಲಿನ ಗಾಣದ ಗಾಲಿ, ಹೊಲಿಗೆ ಮಿಷನ್ನಿನ ಗಾಲಿ, ಹಿಂದೆ ಹಿಟ್ಟಿನ ಗಿರಣಿಯಲ್ಲಿ ಕುಟುಕುಟು ಎನ್ನುತ್ತಿದ್ದ ಒಂಟಿ ಸಿಲಿಂಡರಿನ ಡೀಸೆಲ್ ಎಂಜಿನ್ನಿನ ಗಾಲಿ, ಎಲ್ಲದರ ಕೆಲಸವೂ ಇದೇ. ಅಂಥ ಎಂಜಿನ್ನಿನಲ್ಲಿ ಎರಡು ಸುತ್ತಿಗೆ ಒಮ್ಮೆ ಮಾತ್ರ ಡೀಸೆಲ್ ಉರಿದು ಬಲ ಸಿಗುತ್ತದೆ. ಉಳಿದ ಒಂದೂವರೆ ಸುತ್ತನ್ನು ದಾಟಿಸುವುದು ಗಾಲಿ.

ಇವೆಲ್ಲಕ್ಕೂ ಹಿರಿಯಣ್ಣ ಕುಂಬಾರನ ಚಕ್ರ. ಕೋಲನ್ನು ಗುಣಿಗೆ ಸಿಕ್ಕಿಸಿ ನಾಲ್ಕು ಸುತ್ತು ಜೋರಾಗಿ ತಿರುಗಿಸಿ ಕೋಲು ಬಿಟ್ಟರೆ, ಎರಡೂ ಕೈ ಮಣ್ಣಿಗೆ ಬಿಡುವಾಗುತ್ತವೆ. ಒಂದು ಮೀಟರ್ ಅಡ್ಡಳತೆಯ, 40 ಕಿಲೋ ತೂಕದ ಚಕ್ರ ನಿಮಿಷಕ್ಕೆ 120 ಸುತ್ತು ತಿರುಗುತ್ತಿದೆ ಎಂದಿಟ್ಟುಕೊಳ್ಳಿ. ಅದರಲ್ಲಿರುವ ಚಲನಶಕ್ತಿ ಸುಮಾರು 400 ಜೌಲ್. ಹದಿನೈದು ಕಿಲೋದ ಎರಡು ಟೊಮೇಟೊ ಬಾಕ್ಸುಗಳನ್ನು ನೆಲದಿಂದ ಲಾರಿಗೆ ಎತ್ತಿಟ್ಟರೆ ಎಷ್ಟು ಕೆಲಸವೋ ಅಷ್ಟು.

ಈಗ ಲೆಕ್ಕದ ಮುಖ್ಯ ಗುಟ್ಟು. ಚಕ್ರದ ತೂಕವನ್ನು ಎರಡರಷ್ಟು ಮಾಡಿದರೆ ಶಕ್ತಿ ಎರಡರಷ್ಟಾಗುತ್ತದೆ. ವೇಗವನ್ನು ಎರಡರಷ್ಟು ಮಾಡಿದರೆ ನಾಲ್ಕರಷ್ಟಾಗುತ್ತದೆ. ಹತ್ತರಷ್ಟು ಮಾಡಿದರೆ ನೂರರಷ್ಟು. ಹೀಗಾಗಿ ಶಕ್ತಿ ಕೂಡಿಡಲು ಭಾರದ ಗಾಲಿಗಿಂತ ವೇಗದ ಗಾಲಿ ಮೇಲು. ಈ ಒಂದು ಸಾಲನ್ನು ನೆನಪಿಟ್ಟುಕೊಂಡರೆ ಮುಂದಿನದೆಲ್ಲ ಸಲೀಸು.

ಇನ್ನು ಬಸ್ಸಿಗೆ ಬರೋಣ. ಕೋಲಾರದಿಂದ ಮುಳಬಾಗಿಲಿಗೆ ಹೋಗುವ ಸಾದಾ ಬಸ್ಸು, ಜನ ತುಂಬಿ 14 ಟನ್ ತೂಗುತ್ತದೆ, ಗಂಟೆಗೆ 54 ಕಿಲೋಮೀಟರ್ ವೇಗದಲ್ಲಿದೆ ಎನ್ನಿ. ಅಂದರೆ ಸೆಕೆಂಡಿಗೆ 15 ಮೀಟರ್. ತೂಕದ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದರೆ ಬರುವ ಚಲನಶಕ್ತಿ ಸುಮಾರು 15 ಲಕ್ಷ 75 ಸಾವಿರ ಜೌಲ್. ವಿದ್ಯುತ್ ಬಿಲ್ಲಿನ ಲೆಕ್ಕದಲ್ಲಿ ಹೇಳುವುದಾದರೆ ಒಂದು ಯೂನಿಟ್ ಎಂದರೆ 36 ಲಕ್ಷ ಜೌಲ್. ಹಾಗಾಗಿ ಇದು 0.44 ಯೂನಿಟ್. ಕಂಡಕ್ಟರು ಸೀಟಿ ಊದುತ್ತಾರೆ, ಡ್ರೈವರು ಬ್ರೇಕ್ ಒತ್ತುತ್ತಾರೆ, ಬಸ್ಸು ನಿಲ್ಲುತ್ತದೆ. ಆ ಶಕ್ತಿ ಎಲ್ಲಿ ಹೋಯಿತು? ಬಹುಪಾಲು ಬ್ರೇಕಿನ ಡ್ರಮ್ಮಿನಲ್ಲಿ ಶಾಖವಾಗಿ ಗಾಳಿಗೆ ಹೋಯಿತು. ಅಷ್ಟು ಶಾಖದಲ್ಲಿ ಐದು ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಬಹುದು. ಒಂದು ನಿಲುಗಡೆಗೆ ಒಂದು ದೊಡ್ಡ ಪಾತ್ರೆ ಕಾಫಿ ನೀರು!

ದಾರಿಯಲ್ಲಿ ಹೀಗೆ 20 ಸಲ ನಿಂತರೆ ಎಂಟೂ ಮುಕ್ಕಾಲು ಯೂನಿಟ್. ಒಂದು ಲೀಟರ್ ಡೀಸೆಲ್ಲಿನಲ್ಲಿ ಸುಮಾರು ಹತ್ತು ಯೂನಿಟ್ ಶಕ್ತಿಯಿದ್ದರೂ ಎಂಜಿನ್ ಅದರಲ್ಲಿ ಮೂರೂವರೆಯಷ್ಟನ್ನು ಕೊಟ್ಟರೆ ಹೆಚ್ಚು. ಅಂದರೆ ಒಂದೇ ಟ್ರಿಪ್ಪಿನಲ್ಲಿ ಎರಡೂವರೆ ಲೀಟರ್ ಡೀಸೆಲ್ಲನ್ನು ಬ್ರೇಕಿಗೆ ಅರೆದು ಹಾಕಿದ ಹಾಗೆ. ಗಾಳಿಯ ತಡೆ, ಟೈರಿನ ತಡೆಗಳ ಪಾಲನ್ನು ಕಳೆದರೂ ಅದು ಸಣ್ಣ ಮೊತ್ತವಲ್ಲ.

ನಿಲ್ಲಿಸುವಾಗ ಹೋಗುವ ಈ ಶಕ್ತಿಯನ್ನು ಹಿಡಿದಿಟ್ಟು, ಮತ್ತೆ ಹೊರಡುವಾಗ ಬಳಸಬೇಕು. ಹೈಬ್ರಿಡ್ ವಾಹನಗಳ ಮೂಲ ಆಸೆಗಳಲ್ಲಿ ಇದು ಮುಖ್ಯವಾದದ್ದು. ಹೈಬ್ರಿಡ್ ಎಂದರೆ ಮಿಶ್ರತಳಿ. ನಮ್ಮ ರೈತರಿಗೆ ಟೊಮೇಟೊ ಬೀಜದಿಂದ ಈ ಪದ ಚೆನ್ನಾಗಿ ಪರಿಚಿತ. ವಾಹನದಲ್ಲಿ ಎಂಜಿನ್ ಒಂದು ತಳಿ, ಕೂಡಿಟ್ಟ ಶಕ್ತಿಯಿಂದ ನಡೆಯುವ ಇನ್ನೊಂದು ಚಾಲಕ ಮತ್ತೊಂದು ತಳಿ. ಇಂದು ರಸ್ತೆಯಲ್ಲಿರುವ ಹೈಬ್ರಿಡ್ ಕಾರುಗಳಲ್ಲಿ ಆ ಎರಡನೆಯದು ಬ್ಯಾಟರಿ ಮತ್ತು ಮೋಟಾರು. ಬ್ರೇಕ್ ಒತ್ತಿದಾಗ ಮೋಟಾರೇ ಡೈನಮೋ ಆಗಿ ತಿರುಗಿ ಬ್ಯಾಟರಿಗೆ ಕರೆಂಟು ತುಂಬುತ್ತದೆ.

ಇದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆಗಳಿವೆ. 2001ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ರೇವಾ ಎಂಬ ಪುಟಾಣಿ ವಿದ್ಯುತ್ ಕಾರು ಬ್ರೇಕಿನ ಶಕ್ತಿಯನ್ನು ಬ್ಯಾಟರಿಗೆ ಮರಳಿಸುತ್ತಿತ್ತು. ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ 2013ರಲ್ಲಿ ಕ್ಯಾಮ್ರಿ ಹೈಬ್ರಿಡ್ ಜೋಡಣೆ ಆರಂಭವಾಯಿತು. 2022ರಲ್ಲಿ ಹೈರೈಡರ್, ಇನ್ನೋವಾ ಹೈಕ್ರಾಸ್ ಬಂದವು. ಹೈರೈಡರ್ ಹೈಬ್ರಿಡ್ಡಿನ ಬ್ಯಾಟರಿಯ ಸಾಮರ್ಥ್ಯ 0.76 ಯೂನಿಟ್, ಅಂದರೆ ಒಂದು ಯೂನಿಟ್ ಕೂಡ ಅಲ್ಲ. ಇಷ್ಟೇನೇ ಎಂದು ಆಶ್ಚರ್ಯವಾಗಬಹುದು. ಆದರೆ ಹೈಬ್ರಿಡ್ಡಿನ ಬ್ಯಾಟರಿ ಕೆರೆಯಲ್ಲ, ಪಂಪಿನ ಪಕ್ಕದ ತೊಟ್ಟಿ. ಅದಕ್ಕೆ ವರ್ಷದ ನೀರು ಹಿಡಿಸಬೇಕಾಗಿಲ್ಲ. ಬೇಗ ತುಂಬಿ ಬೇಗ ಖಾಲಿಯಾಗುತ್ತಿದ್ದರೆ ಸಾಕು. 2011ರಲ್ಲಿ ಓಡಲಾರಂಭಿಸಿದ ನಮ್ಮ ಮೆಟ್ರೋ ರೈಲು ಕೂಡ ನಿಲ್ದಾಣಕ್ಕೆ ಬರುವಾಗ ಬ್ರೇಕಿನ ಶಕ್ತಿಯನ್ನು ವಿದ್ಯುತ್ತಾಗಿ ಹಳಿಯ ಪಕ್ಕದ ವಾಹಕಕ್ಕೆ ಮರಳಿಸುತ್ತದೆ. ಹತ್ತಿರದ ಇನ್ನೊಂದು ರೈಲು ಅದನ್ನು ಬಳಸಿಕೊಳ್ಳಬಹುದು.

ತೊಟ್ಟಿಯೇ ಸಾಕು ಎಂದ ಮೇಲೆ, ಅದು ಬ್ಯಾಟರಿಯೇ ಆಗಬೇಕೆ? ತಿರುಗುವ ಗಾಲಿ ಆಗಬಾರದೆ? ಇಂಜಿನಿಯರುಗಳಿಗೆ ಈ ಪ್ರಶ್ನೆ ಬಹಳ ಹಿಂದೆಯೇ ಬಂದಿತ್ತು.

ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯವರು ಇಡೀ ಬಸ್ಸನ್ನೇ ಗಾಲಿಯ ಶಕ್ತಿಯಿಂದ ಓಡಿಸಿದರು. ಹೆಸರು ಗೈರೋಬಸ್. 1953ರಲ್ಲಿ ಅಲ್ಲಿಯ ಇವರ್ಡಾನ್ ಊರಿನಲ್ಲಿ ಸಂಚಾರ ಆರಂಭ. ಬಸ್ಸಿನಲ್ಲಿ ಎಂಜಿನ್ ಇಲ್ಲ, ಬ್ಯಾಟರಿ ಇಲ್ಲ, ತಲೆಯ ಮೇಲೆ ಉದ್ದಕ್ಕೂ ತಂತಿಯೂ ಇಲ್ಲ. ನೆಲದಡಿಯಲ್ಲಿ 1.6 ಮೀಟರ್ ಅಡ್ಡಳತೆಯ, ಒಂದೂವರೆ ಟನ್ ತೂಕದ ಉಕ್ಕಿನ ಗಾಲಿ, ನಿಮಿಷಕ್ಕೆ 3,000 ಸುತ್ತು. ನಿಲ್ದಾಣದಲ್ಲಿ ಬಸ್ಸಿನ ಛಾವಣಿಯ ಮೇಲಿನ ತೋಳುಗಳು ಮೇಲೆದ್ದು ಕಂಬದ ವಿದ್ಯುತ್ತನ್ನು ಮುಟ್ಟುತ್ತವೆ; ಒಂದೆರಡು ನಿಮಿಷ ಗಾಲಿ ವೇಗ ಹಿಡಿಯುತ್ತದೆ; ಬಸ್ಸು ಹೊರಡುತ್ತದೆ. ಒಮ್ಮೆ ಹೀಗೆ ‘ಉಂಡರೆ’ ಸುಮಾರು ಆರು ಕಿಲೋಮೀಟರ್ ಓಟ. ಗಾಲಿಯನ್ನು ಗಟ್ಟಿ ತಟ್ಟೆಯೆಂದು ಹಿಡಿದು ನಾನೇ ಲೆಕ್ಕ ಹಾಕಿದಾಗ ಅದರಲ್ಲಿದ್ದ ಶಕ್ತಿ ಸುಮಾರು ಆರೂವರೆ ಯೂನಿಟ್ ಎಂದು ಬಂತು. ಅಂಚಿನ ವೇಗ ಗಂಟೆಗೆ 900 ಕಿಲೋಮೀಟರ್, ವಿಮಾನದ ವೇಗ! ಮೇಲೆ ಜನ ನೆಮ್ಮದಿಯಿಂದ ಪತ್ರಿಕೆ ಓದುತ್ತ ಕುಳಿತಿರುತ್ತಿದ್ದರು.

ಆಗಿನ ಬೆಲ್ಜಿಯನ್ ಕಾಂಗೋದ ಲಿಯೋಪೋಲ್ಡ್‌ವಿಲ್‌ನಲ್ಲಿ, ಅಂದರೆ ಇಂದಿನ ಕಿನ್ಶಾಸಾದಲ್ಲಿ, 1955ರಿಂದ 12 ಗೈರೋಬಸ್ಸುಗಳು ಓಡಿದವು. ಬೆಲ್ಜಿಯಂನ ಘೆಂಟ್ ನಗರದಲ್ಲಿ 1956ರಿಂದ. ಆದರೆ 1960 ಮುಗಿಯುವುದರೊಳಗೆ ಮೂರೂ ಕಡೆ ನಿಂತುಹೋದವು. ಗಾಲಿಯ ಭಾರದಿಂದ ಬಸ್ಸು ಭಾರ, ಭಾರದಿಂದ ವಿದ್ಯುತ್ ಖರ್ಚು ಹೆಚ್ಚು, ಬೇರಿಂಗುಗಳಿಗೆ ಕಾಟ, ನಿಂತು ನಿಂತು ಶಕ್ತಿ ತುಂಬಬೇಕಾದ ಕಿರಿಕಿರಿ. ಭಾರದ ಗಾಲಿಗಿಂತ ವೇಗದ ಗಾಲಿ ಮೇಲು ಎಂದೆನಲ್ಲ, ಆ ಪಾಠವನ್ನು ಇತಿಹಾಸ ಕಲಿತದ್ದು ಹೀಗೆ.

ಹಾಗಾದರೆ ಉಕ್ಕಿನ ಗಾಲಿಯನ್ನೇ ಇನ್ನೂ ಜೋರಾಗಿ ತಿರುಗಿಸಬಹುದಿತ್ತಲ್ಲ? ಅಲ್ಲೊಂದು ಗಡಿಯಿದೆ. ಗಾಲಿಯ ಅಂಚಿನ ಪ್ರತಿಯೊಂದು ಕಣವೂ ನೇರವಾಗಿ ಹಾರಿಹೋಗಲು ಹವಣಿಸುತ್ತಿರುತ್ತದೆ. ಕವಣೆಯ ಕಲ್ಲನ್ನು ಬೀಸಿದವರಿಗೆ ಇದು ಗೊತ್ತು. ಅದನ್ನು ಹಿಡಿದಿಡುವುದು ಲೋಹದ ಬಿಗಿ. ಬಿಗಿ ಮೀರಿದರೆ ಗಾಲಿ ಸಿಡಿಯುತ್ತದೆ, ತುಂಡುಗಳು ಗುಂಡಿನಂತೆ ಹಾರುತ್ತವೆ. ಹಗುರವಾಗಿಯೂ ಬಲವಾಗಿಯೂ ಇರುವ ಕಾರ್ಬನ್ ನಾರು ಬಂದ ಮೇಲೆ ಈ ಗಡಿ ದೂರ ಸರಿಯಿತು. ನಾರಿನ ಗಾಲಿ ಸೋತರೂ ದೊಡ್ಡ ತುಂಡುಗಳಾಗಿ ಹಾರುವ ಬದಲು ಎಳೆ ಎಳೆಯಾಗಿ ಬಿಚ್ಚಿಕೊಂಡು ಪುಡಿಯಾಗುತ್ತದೆ. ಗಟ್ಟಿ ಕವಚದೊಳಗೆ ಅದನ್ನು ತಡೆಯುವುದು ಸುಲಭ.

ಈ ಬಗೆಯ ಗಾಲಿಯನ್ನು ಸ್ವೀಡನ್ನಿನ ವೋಲ್ವೋ ಕಂಪನಿ 2011ರಿಂದ 2013ರ ತನಕ ಎಸ್60 ಕಾರಿನಲ್ಲಿ ಪರೀಕ್ಷಿಸಿತು. ಗಾಲಿಯ ತೂಕ ಬರಿಯ ಆರು ಕಿಲೋ, ಅಡ್ಡಳತೆ 20 ಸೆಂಟಿಮೀಟರ್. ನಮ್ಮ ಮನೆಯ ಊಟದ ತಟ್ಟೆಗಿಂತ ಚಿಕ್ಕದು. ಆದರೆ ವೇಗ ನಿಮಿಷಕ್ಕೆ 60,000 ಸುತ್ತು! ಅಂಚಿನ ವೇಗವನ್ನು ಲೆಕ್ಕ ಹಾಕಿ ನೋಡಿ: ಸೆಕೆಂಡಿಗೆ 628 ಮೀಟರ್, ಶಬ್ದದ ವೇಗದ ಸುಮಾರು ಒಂದೂ ಮುಕ್ಕಾಲರಷ್ಟು. ಗಾಳಿಯಲ್ಲಿ ತಿರುಗಿದರೆ ಕ್ಷಣದಲ್ಲಿ ಕಾದು ನಿಧಾನವಾಗಿಬಿಡುತ್ತದೆ. ಅದಕ್ಕಾಗಿ ಗಾಳಿ ತೆಗೆದ ಡಬ್ಬಿಯೊಳಗೆ ತಿರುಗಬೇಕು. ಹಿಡಿಸುವ ಶಕ್ತಿ ಸುಮಾರು 0.15 ಯೂನಿಟ್. ಒಂದೂವರೆ ಟನ್ನಿನ ಕಾರು ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿದ್ದಾಗ ಅದರಲ್ಲಿರುವ ಚಲನಶಕ್ತಿಯೂ ಹತ್ತಿರ ಹತ್ತಿರ ಅಷ್ಟೇ. ಅಂದರೆ ಒಂದು ನಿಲುಗಡೆಯ ಶಕ್ತಿಯನ್ನು ಹಿಡಿಯಲು ಅಳತೆ ಮಾಡಿ ಹೊಲಿದ ಅಂಗಿ! ಎಂಜಿನ್ನಿನ ಜೊತೆಗೆ ಹೆಚ್ಚುವರಿಯಾಗಿ 80 ಅಶ್ವಶಕ್ತಿಯನ್ನು ಕೆಲವು ಸೆಕೆಂಡುಗಳ ಕಾಲ ಕೊಡಬಲ್ಲದು, ಇಂಧನದಲ್ಲಿ ಶೇಕಡ 25ರ ತನಕ ಉಳಿತಾಯ ಸಾಧ್ಯ ಎಂದು ಕಂಪನಿ ಪ್ರಕಟಿಸಿತು.

ರೇಸಿನವರಿಗೂ ಇದು ರುಚಿಸಿತು. 2009ರಲ್ಲಿ ಫಾರ್ಮುಲಾ ಒನ್ ಸ್ಪರ್ಧೆಯಲ್ಲಿ ಬ್ರೇಕಿನ ಶಕ್ತಿಯ ಮರುಬಳಕೆಗೆ ಒಪ್ಪಿಗೆ ಸಿಕ್ಕಿದಾಗ ವಿಲಿಯಮ್ಸ್ ತಂಡ ಫ್ಲೈವೀಲನ್ನು ರೂಪಿಸಿತು. ಅವರು ಅದನ್ನು ಆ ಸ್ಪರ್ಧೆಯಲ್ಲಿ ಬಳಸಲಿಲ್ಲ. ಆದರೆ ಅದೇ ಮೂಲದ ಗಾಲಿಯನ್ನು ಹೊತ್ತ ಆಡಿ ಕಂಪನಿಯ ಕಾರು 2012ರಲ್ಲಿ ಫ್ರಾನ್ಸಿನ ಲ ಮಾನ್ಸ್ 24 ಗಂಟೆಗಳ ಓಟವನ್ನು ಗೆದ್ದಿತು. ಆ ಓಟವನ್ನು ಒಂದು ಹೈಬ್ರಿಡ್ ವಾಹನ ಗೆದ್ದದ್ದು ಅದೇ ಮೊದಲು.

ರೈಲಿನ ಉದಾಹರಣೆ ನಮ್ಮ ಜಿಲ್ಲೆಯವರಿಗೆ ಹೆಚ್ಚು ಆಪ್ತವಾಗಬಹುದು. ಬಂಗಾರಪೇಟೆ ಮತ್ತು ಕೋಲಾರದ ನಡುವೆ ಹಿಂದೆ ರೈಲ್ ಬಸ್ ಓಡುತ್ತಿದ್ದುದು ಹಲವರಿಗೆ ನೆನಪಿರುತ್ತದೆ. ಅದೇ ಜಾತಿಯ ಪುಟ್ಟ ರೈಲೊಂದು ಇಂಗ್ಲೆಂಡಿನ ಸ್ಟೌರ್‌ಬ್ರಿಜ್ ಎಂಬಲ್ಲಿ 1.3 ಕಿಲೋಮೀಟರಿನ ಕಿರುಹಾದಿಯಲ್ಲಿ 2009ರಲ್ಲಿ ಕಾಯಂ ಸೇವೆಗೆ ಬಂತು. ಅದರಲ್ಲಿರುವುದು ವ್ಯಾನಿಗೆ ಸಾಕಾಗುವಷ್ಟು ಸಣ್ಣ ಗ್ಯಾಸ್ ಎಂಜಿನ್. ಜೊತೆಗೆ ಅರ್ಧ ಟನ್ ತೂಕದ ಫ್ಲೈವೀಲ್. ನಿಲ್ದಾಣದಲ್ಲಿ ನಿಲ್ಲುವಾಗ ಗಾಲಿ ಶಕ್ತಿ ಪಡೆಯುತ್ತದೆ. ಹೊರಡುವಾಗ ಬೇಕಾದ ದೊಡ್ಡ ಎಳೆತವನ್ನು ಅದೇ ಕೊಡುತ್ತದೆ. ಹತ್ತಿರ ಹತ್ತಿರ ನಿಲುಗಡೆ, ಪದೇ ಪದೇ ಬ್ರೇಕು. ಫ್ಲೈವೀಲಿಗೆ ಹೇಳಿ ಮಾಡಿಸಿದ ಕೆಲಸವಿದು.

ಇಷ್ಟೆಲ್ಲ ಗುಣವಿದ್ದರೂ ಅಂಗಡಿಯಲ್ಲಿ ಫ್ಲೈವೀಲ್ ಕಾರು ಯಾಕೆ ಸಿಗುವುದಿಲ್ಲ? ಕಾರಣಗಳು ಮೂರು ನಾಲ್ಕು.

ಮೊದಲನೆಯದು ಗೇರಿನ ತೊಡಕು. ಕಾರಿನ ವೇಗ ಇಳಿಯುವಾಗಲೇ ಗಾಲಿಯ ವೇಗ ಏರಬೇಕು. ಕಾರು ಏರುವಾಗ ಗಾಲಿ ಇಳಿಯಬೇಕು. ಒಂದು ಏರಿದರೆ ಇನ್ನೊಂದು ಇಳಿಯುವ ಇಂಥ ಜೋಡಿಗೆ ಸಾಮಾನ್ಯ ಗೇರು ಸಾಲದು. ಹಂತವಿಲ್ಲದೆ ಬದಲಾಗುತ್ತಲೇ ಇರುವ ವಿಶೇಷ ಗೇರು ಬೇಕು, ಇಲ್ಲವೇ ನಡುವೆ ಜನರೇಟರು ಮತ್ತು ಮೋಟಾರು ಬೇಕು. ಎರಡೂ ದುಬಾರಿ.

ಎರಡನೆಯದು ಸೋರಿಕೆ. ಗಾಳಿ ತೆಗೆದ ಡಬ್ಬಿಯಲ್ಲಿದ್ದರೂ ಬೇರಿಂಗಿನ ಘರ್ಷಣೆ ಇದ್ದೇ ಇರುತ್ತದೆ. ಕಾರು ನಿಲ್ಲಿಸಿ ಮದುವೆ ಊಟ ಮುಗಿಸಿ ಬರುವಷ್ಟರಲ್ಲಿ ಗಾಲಿಯಲ್ಲಿನ ಶಕ್ತಿ ಬಹುಪಾಲು ಕರಗಿರುತ್ತದೆ. ಬ್ಯಾಟರಿ ತಿಂಗಳುಗಟ್ಟಲೆ ಇಟ್ಟುಕೊಳ್ಳುತ್ತದೆ.

ಮೂರನೆಯದು ಹಟಮಾರಿತನ. ವೇಗವಾಗಿ ತಿರುಗುವ ಗಾಲಿ ತನ್ನ ಅಕ್ಷದ ದಿಕ್ಕನ್ನು ಬದಲಿಸಲು ಒಪ್ಪುವುದಿಲ್ಲ. ಸೈಕಲ್ಲಿನ ಗಾಲಿಯನ್ನು ಎರಡೂ ಕೈಯಲ್ಲಿ ಅಚ್ಚು ಹಿಡಿದು ತಿರುಗಿಸಿ ವಾಲಿಸಲು ನೋಡಿ, ಕೈಗೇ ಗೊತ್ತಾಗುತ್ತದೆ. ಗೈರೋಬಸ್ಸಿನಲ್ಲಿ ಗಾಲಿಯನ್ನು ಬೀಸುವ ಕಲ್ಲಿನಂತೆ ಮಲಗಿಸಿದ್ದರು. ಅಕ್ಷ ನೆಟ್ಟಗೆ ಮೇಲ್ಮುಖವಾಗಿದ್ದುದರಿಂದ ಬಸ್ಸು ಎಡಕ್ಕೆ ಬಲಕ್ಕೆ ತಿರುಗಲು ತೊಂದರೆಯಿರಲಿಲ್ಲ.

ಕೊನೆಯದು, ಎಲ್ಲಕ್ಕಿಂತ ದೊಡ್ಡದು: ಬ್ಯಾಟರಿಯ ಬೆಳವಣಿಗೆ. ಹತ್ತು ಹದಿನೈದು ವರ್ಷಗಳಲ್ಲಿ ಲಿಥಿಯಂ ಬ್ಯಾಟರಿಯ ಬೆಲೆ ಇಳಿಯಿತು, ಬೇಗ ತುಂಬಿಸಿಕೊಳ್ಳುವ ಶಕ್ತಿ ಏರಿತು. ಗೆದ್ದ ಆಡಿ ಕಂಪನಿಯೇ 2016ರಲ್ಲಿ ಗಾಲಿ ಬಿಟ್ಟು ಬ್ಯಾಟರಿಗೆ ಹೋಯಿತು. ಫ್ಲೈವೀಲ್ ಸೋತಿದ್ದು ಭೌತಶಾಸ್ತ್ರದಲ್ಲಿ ಅಲ್ಲ, ಮಾರುಕಟ್ಟೆಯಲ್ಲಿ. ಲಕ್ಷಾಂತರ ಸಲ ತುಂಬಿ ಖಾಲಿ ಮಾಡಿದರೂ ಸವೆಯದ ಗುಣ ಅದಕ್ಕೆ ಇಂದಿಗೂ ಇದೆ. ಅದನ್ನು ನಂಬಿಯೇ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಸ್ಟೀಫನ್‌ಟೌನ್‌ನಲ್ಲಿ 2011ರಲ್ಲಿ 200 ಫ್ಲೈವೀಲುಗಳನ್ನು ನೆಲದಲ್ಲಿ ಹೂತು ವಿದ್ಯುತ್ ಜಾಲದ ಏರಿಳಿತವನ್ನು ಸರಿದೂಗಿಸುವ ಕೇಂದ್ರ ಕಟ್ಟಿದರು. ಇಂಗ್ಲೆಂಡಿನ ಜೆಟ್ ಎಂಬ ಪರಮಾಣು ಸಮ್ಮಿಳನ ಪ್ರಯೋಗಾಲಯದಲ್ಲಿ 2023ರವರೆಗೆ 775 ಟನ್ ತೂಕದ ಎರಡು ಗಾಲಿಗಳಿದ್ದವು. ಪ್ರಯೋಗದ ಕೆಲವೇ ಸೆಕೆಂಡುಗಳಿಗೆ ಬೇಕಾದ ಭಾರೀ ವಿದ್ಯುತ್ತನ್ನು ಜಾಲದಿಂದ ಒಮ್ಮೆಗೇ ಎಳೆದರೆ ಊರೇ ಕತ್ತಲಾದೀತು. ಅದಕ್ಕಾಗಿ ನಿಧಾನವಾಗಿ ಗಾಲಿಗೆ ತುಂಬಿ, ಒಮ್ಮೆಗೇ ತೆಗೆಯುತ್ತಿದ್ದರು. ಆದರೆ ಗಮನಿಸಿ: ಅಷ್ಟು ದೊಡ್ಡ ಗಾಲಿಗಳೂ ಒಂದೇ ಒಂದು ಯೂನಿಟ್ಟನ್ನು ತಾವಾಗಿ ಹುಟ್ಟಿಸಲಿಲ್ಲ. ಹಾಕಿದ್ದನ್ನು ಕೊಟ್ಟವು, ಅದೂ ಸ್ವಲ್ಪ ಕಡಿಮೆ ಮಾಡಿ.

ಈಗ ನಮ್ಮ ರೈತರ ಗಾಲಿಗೆ ಮರಳೋಣ.

“ಅಣ್ಣಾ, ಸಂಜೆ ನಿಮ್ಮ ಮನೆಗೆ ಬರ್ತೀನಿ. ಅಟ್ಟದ ಮೇಲೆ ಹಳೇ ಡೈನಮೋ ಸೈಕಲ್ ಇದೆಯಲ್ಲ, ಇಳಿಸಿಟ್ಟಿರಿ” ಎಂದೆ. ಹೋದೆ. ಸೈಕಲ್ಲನ್ನು ಅಂಗಳದಲ್ಲಿ ತಲೆಕೆಳಗು ಮಾಡಿ ನಿಲ್ಲಿಸಿ, ಡೈನಮೋ ಇದ್ದ ಹಿಂದಿನ ಗಾಲಿಯನ್ನು ಪೆಡಲಿನಿಂದ ಜೋರಾಗಿ ತಿರುಗಿಸಿ ಬಿಟ್ಟೆವು. ಮೊಮ್ಮಗಳು ಗಡಿಯಾರ ಹಿಡಿದಳು. ಗಾಲಿ ನಿಲ್ಲಲು ಒಂದೂ ಕಾಲು ನಿಮಿಷ. ಮತ್ತೆ ಅಷ್ಟೇ ಜೋರಾಗಿ ತಿರುಗಿಸಿ, ಈ ಸಲ ಡೈನಮೋವನ್ನು ಗಾಲಿಗೆ ತಾಗಿಸಿದೆವು. ಮುಂದಿನ ದೀಪ ಬೆಳಗಿತು, ಮಂಕಾಯಿತು, ಗಾಲಿ ನಿಂತಿತು. ಎಂಟೇ ಸೆಕೆಂಡು.

“ದೀಪ ಗಾಲೀನ ತಿಂದ್‌ಬುಡ್ತು ತಾತಾ” ಎಂದಳು ಹುಡುಗಿ. ನಾನು ಒಂದು ಅವಧಿ ತೆಗೆದುಕೊಂಡು ಹೇಳುವ ಶಕ್ತಿ ಸಂರಕ್ಷಣೆಯ ನಿಯಮವನ್ನು ಅವಳು ಒಂದು ಸಾಲಿನಲ್ಲಿ ಹೇಳಿ ಮುಗಿಸಿದ್ದಳು. (ಉತ್ತರ ಪತ್ರಿಕೆಯಲ್ಲಿ ಅದೇ ಪ್ರಶ್ನೆಗೆ ಎರಡೂವರೆ ಅಂಕ ಬಂದಿತ್ತು ಎಂಬುದು ಬೇರೆ ಮಾತು.)

ಆಮೇಲೆ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಲೆಕ್ಕ. ಮಾರುವವನೇ ಕೊಟ್ಟ ವಿವರ: ಗಾಲಿ 80 ಕಿಲೋ, ಅಡ್ಡಳತೆ ಮುಕ್ಕಾಲು ಮೀಟರ್, ನಿಮಿಷಕ್ಕೆ 600 ಸುತ್ತು. ಅದರಲ್ಲಿ ಕೂಡಿರುವ ಶಕ್ತಿ ಸುಮಾರು 11 ಸಾವಿರ ಜೌಲ್. ಐದು ಎಚ್‌ಪಿ ಮೋಟಾರು ಸೆಕೆಂಡಿಗೆ 3,700 ಜೌಲ್ ಕೆಲಸ ಮಾಡುತ್ತದೆ. ಭಾಗಿಸಿದರೆ ಮೂರು ಸೆಕೆಂಡು. ತೂಕವೆಲ್ಲ ಅಂಚಿನಲ್ಲೇ ಇದೆ ಎಂದುಕೊಂಡರೂ ಆರು ಸೆಕೆಂಡು. ಒಂದು ಲಕ್ಷದ ಎಂಬತ್ತು ಸಾವಿರಕ್ಕೆ ಆರು ಸೆಕೆಂಡಿನ ನೀರು! ಒಂದು ಗಂಟೆ ಪಂಪು ಓಡಬೇಕಾದರೆ, ಗಾಲಿಯ ಶಕ್ತಿಯನ್ನು ಕೊನೆಯ ಹನಿಯವರೆಗೆ ಹಿಂಡಿದರೂ, ಸ್ವಿಟ್ಜರ್ಲೆಂಡಿನ ಆ ಒಂದೂವರೆ ಟನ್ನಿನ ಗಾಲಿಯ ಅರ್ಧಕ್ಕಿಂತ ಹೆಚ್ಚು ಬೇಕು. ಆ ಗಾಲಿಗೂ ಮೊದಲು ಯಾರಾದರೂ ಕರೆಂಟು ತುಂಬಬೇಕು.

“ಮತ್ತೆ ಆ ಬಲ್ಬು ಹೆಂಗ್ ಉರೀತು ಮೇಷ್ಟ್ರೇ?”

“ವಿಡಿಯೋದಲ್ಲಿ ಕಾಣದ ತಂತಿ ಎಲ್ಲೋ ಒಂದು ಕಡೆ ಇದ್ದೇ ಇರುತ್ತೆ ಅಣ್ಣಾ. ನೆಲದಡಿ ಇರಬಹುದು, ಕಂಬದೊಳಗೆ ಇರಬಹುದು, ಬ್ಯಾಟರಿಯೂ ಇರಬಹುದು. ಹುಡುಕೋ ಕೆಲಸ ನಿಮಗ್ಯಾಕೆ? ಒಂದೇ ಒಂದು ಕೇಳಿ: ಯಂತ್ರ ತಂದು ನಮ್ಮ ಹೊಂಡದ ಹತ್ತಿರ ಇಡಿ, ಬೇರೆ ಯಾವ ತಂತಿಯೂ ಇಲ್ಲದೆ ನಮ್ಮ ಮೋಟಾರನ್ನ ಒಂದು ಗಂಟೆ ಓಡಿಸಿ, ಆ ಕ್ಷಣವೇ ಪೂರ್ತಿ ದುಡ್ಡು ಕೊಡ್ತೀವಿ.”

ಅವರು ಅಲ್ಲೇ ಕುಳಿತು ಫೋನು ಮಾಡಿದರು. ಆ ಕಡೆಯ ದನಿ ಬಹಳ ಮರ್ಯಾದೆಯಿಂದ ಮಾತಾಡಿತು. ಶೆಡ್ಡಿಗೇ ಬಂದು ನೋಡಬಹುದು, ಹೊಲಕ್ಕೆ ತರಲು ಕಂಪನಿಯ ರೂಲ್ಸ್ ಇಲ್ಲ, ಮುಂಗಡ ಪೂರ್ತಿಯಾದ ಮೇಲೆ ಯೋಚಿಸಬಹುದು ಎಂದಿತು. ಮರುದಿನದಿಂದ ಆ ನಂಬರು ಇವರ ಕರೆ ತೆಗೆದುಕೊಳ್ಳಲಿಲ್ಲ. ಹತ್ತು ಸಾವಿರ ಹೋಯಿತು. ಹಸು ಉಳಿಯಿತು.

ನನಗೆ ಆ ರೈತರ ಮೇಲೆ ಬೇಸರವಿಲ್ಲ. ಸಾವಿರಾರು ಅಡಿ ಕೊರೆದರೂ ನೀರು ಕಾಣದ ಬೋರ್‌ವೆಲ್ಲುಗಳ ನಾಡಿನಲ್ಲಿ, ಹೊಂಡದಲ್ಲಿ ನಿಂತ ನೀರನ್ನು ಗಿಡಕ್ಕೆ ಮುಟ್ಟಿಸಲು ಅಪರಾತ್ರಿಯಲ್ಲಿ ಕರೆಂಟು ಕಾಯುವವನಿಗೆ ಬಿಟ್ಟಿ ಕರೆಂಟಿನ ಆಸೆ ಹುಟ್ಟುವುದು ತಪ್ಪಲ್ಲ. ಆ ಆಸೆಯ ಮೇಲೆ ಗಾಲಿ ಓಡಿಸುವವರದು ತಪ್ಪು. ವಿಜ್ಞಾನ ಪಾಠ ಮಾಡುವ ನಮ್ಮಂಥವರದೂ ಸ್ವಲ್ಪ ತಪ್ಪಿದೆ. ‘ಶಕ್ತಿಯನ್ನು ಸೃಷ್ಟಿಸಲೂ ಆಗದು, ನಾಶಪಡಿಸಲೂ ಆಗದು’ ಎಂದು ಮಕ್ಕಳಿಂದ ಬಾಯಿಪಾಠ ಮಾಡಿಸುತ್ತೇವೆ. ಆ ವಾಕ್ಯ ಒಂದು ದಿನ ಮನೆಯ ಹಸುವನ್ನು ಉಳಿಸಬಲ್ಲದು ಎಂದು ಮಾತ್ರ ಹೇಳಿಕೊಡುವುದಿಲ್ಲ.

ಗಾಲಿ ಒಂದು ಉಳಿತಾಯ ಖಾತೆ. ಜಮಾ ಮಾಡಿದ್ದನ್ನು ಬೇಕೆಂದಾಗ ತಟ್ಟನೆ ಕೊಡುತ್ತದೆ. ಬಡ್ಡಿ ಕೊಡುವುದಿಲ್ಲ, ಬದಲಿಗೆ ದಿನವೂ ಒಂದಿಷ್ಟು ಮುರಿದುಕೊಳ್ಳುತ್ತದೆ. ಬಡ್ಡಿ ಕೊಡುತ್ತೇನೆಂದು ಹೇಳುವ ಗಾಲಿ ಎಲ್ಲಾದರೂ ಕಂಡರೆ, ಓದುಗರೇ, ಮೊದಲು ಅಟ್ಟದ ಮೇಲಿನ ಹಳೆಯ ಸೈಕಲ್ಲನ್ನು ಕೆಳಗಿಳಿಸಿ. ಮನೆಯಲ್ಲಿ ಒಂಬತ್ತನೆಯ ತರಗತಿಯ ಮಗುವಿದ್ದರೆ ಗಡಿಯಾರವನ್ನು ಅದರ ಕೈಗೆ ಕೊಡಿ.